ಬೆಂಗಳೂರಿಗೆ ಹೊಸಬರೇ? ಬಸ್ಸು, ಮೆಟ್ರೋ, ಆಟೋ: ಯಾವಾಗ ಯಾವುದು ಹತ್ತಬೇಕು

ಊರಿನಿಂದ ಬೆಂಗಳೂರಿಗೆ ಬಂದವರು ದೂರವನ್ನು ಕಿಲೋಮೀಟರಿನಲ್ಲೇ ಕೇಳುತ್ತಾರೆ. ಆಫೀಸಿಗೆ ಎಷ್ಟು ದೂರ? ಕಾಲೇಜಿಗೆ ಎಷ್ಟು ದೂರ? ಹತ್ತು ಕಿಲೋಮೀಟರ್ ಅಂದರೆ ಊರಲ್ಲಿ ಕಾಲು ಗಂಟೆಯ ದಾರಿ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ದಾರಿಯಲ್ಲಿ ಎಷ್ಟು ಸಲ ಇಳಿದು ಹತ್ತಬೇಕು? ಒಂದೇ ರೈಲಿನಲ್ಲಿ ಇಪ್ಪತ್ತು ಕಿಲೋಮೀಟರ್ ಹೋಗುವುದು ಸುಲಭ. ಆಟೋ, ಒಂದು ಬಸ್ಸು, ಮತ್ತೆ ಇನ್ನೊಂದು ಬಸ್ಸು ಅಂತ ಎಂಟು ಕಿಲೋಮೀಟರ್ ಹೋಗುವುದು ಕಷ್ಟ. ಇಳಿದಾಗಲೆಲ್ಲ ಕಾಯಬೇಕು, ರಸ್ತೆ ದಾಟಬೇಕು, ಮತ್ತೆ ಜನರ ನಡುವೆ ನುಗ್ಗಬೇಕು. ದಿನಾ ಎರಡು ಸಲ ಇದನ್ನು ಮಾಡಿದರೆ ಒಂದು ತಿಂಗಳಲ್ಲಿ ಮನುಷ್ಯ ಸೋತು ಹೋಗುತ್ತಾನೆ. ಹಾಗಾಗಿ ಇಲ್ಲಿನ ಬಸ್ಸು, ಮೆಟ್ರೋ, ಆಟೋಗಳನ್ನು ಹೋಲಿಸುವಾಗ ನಾನು ಮೊದಲು ನೋಡುವುದು ಇದನ್ನೇ. ದುಡ್ಡಿನ ಲೆಕ್ಕ ಆಮೇಲೆ.

ಕೆಳಗೆ ಹೇಳಿರುವ ದರಗಳೆಲ್ಲ 2025ರಲ್ಲಿ ಪರಿಷ್ಕರಣೆ ಆದವು.

ಊರಿನ ಬಸ್ಸಿಂದ ಎಲ್ಲಿ ಇಳಿಯಬೇಕು?

ಎಲ್ಲರೂ ಮೆಜೆಸ್ಟಿಕ್ಕಿಗೇ ಟಿಕೆಟ್ ತೆಗೆಸುತ್ತಾರೆ. ಅಭ್ಯಾಸ ಹಾಗಿದೆ. ಆದರೆ ಬಸ್ಸು ನಗರದ ಅಂಚಿಗೆ ಬಂದ ಮೇಲೆ ಮೆಜೆಸ್ಟಿಕ್ ಮುಟ್ಟುವುದಕ್ಕೇ ಒಂದು ಗಂಟೆ ಹಿಡಿಯುವುದುಂಟು. ಬೆಳಿಗ್ಗೆ ಎಂಟು ದಾಟಿದರೆ ಇನ್ನೂ ಜಾಸ್ತಿ. ಈಗ ನಗರದ ಬಹುತೇಕ ಹೆದ್ದಾರಿಗಳ ಬಾಯಲ್ಲೇ ಮೆಟ್ರೋ ನಿಲ್ದಾಣ ಇದೆ. ಅಲ್ಲೇ ಇಳಿದುಬಿಡುವುದು ಜಾಣತನ.

ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಹಾಸನ, ತುಮಕೂರು ಕಡೆಯ ಬಸ್ಸುಗಳು ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ಒಳಗೆ ಬರುತ್ತವೆ. ಹಸಿರು ಮಾರ್ಗದ ಮೆಟ್ರೋ ಮಾದಾವರದಿಂದ ಯಶವಂತಪುರದವರೆಗೆ ಇದೇ ರಸ್ತೆಯ ಜೊತೆಯಲ್ಲೇ ಓಡುತ್ತದೆ. ನಾಗಸಂದ್ರದಿಂದ ಮಾದಾವರದ ತನಕ ಮಾರ್ಗ ಮುಂದುವರಿದದ್ದು 2024ರ ನವೆಂಬರಿನಲ್ಲಿ. ದಾಸರಹಳ್ಳಿಯಲ್ಲೋ ಜಾಲಹಳ್ಳಿ ಕ್ರಾಸಿನಲ್ಲೋ ಇಳಿದು ಮೆಟ್ಟಿಲು ಹತ್ತಿದರೆ ಸ್ಟೇಷನ್. ಒಂದು ಎಚ್ಚರ ಮಾತ್ರ ಬೇಕು. ಕೆಲವು ಬಸ್ಸುಗಳು ಪೀಣ್ಯದ ಉದ್ದ ಮೇಲ್ಸೇತುವೆ ಹತ್ತಿಬಿಡುತ್ತವೆ. ಹತ್ತಿದರೆ ದಾಸರಹಳ್ಳಿ, ಜಾಲಹಳ್ಳಿ ಎರಡೂ ಕೆಳಗೇ ಉಳಿಯುತ್ತವೆ. ಆಗ ಗೊರಗುಂಟೆಪಾಳ್ಯ ಅಥವಾ ಯಶವಂತಪುರವೇ ಗತಿ. ನೆಲಮಂಗಲ ಬರುವ ಹೊತ್ತಿಗೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ: "ಸಾರ್, ಫ್ಲೈಓವರ್ ಮೇಲೆ ಹೋಗ್ತೀರಾ, ಕೆಳಗಾ?"

ಮೈಸೂರು, ಮಂಡ್ಯ, ರಾಮನಗರ ಕಡೆಯಿಂದ ಬರುವವರಿಗೆ ಕೆಂಗೇರಿ ಅನುಕೂಲ. ಅಲ್ಲಿ ನೇರಳೆ ಮಾರ್ಗ ಸಿಗುತ್ತದೆ. ಸ್ಯಾಟಲೈಟ್ ಬಸ್ ನಿಲ್ದಾಣದವರೆಗೆ ಬಂದರೆ ಹತ್ತಿರದ ಮೆಟ್ರೋ ದೀಪಾಂಜಲಿ ನಗರ. ಕೋಲಾರದ ಕಡೆಯವರಿಗೆ ಕೆ.ಆರ್.ಪುರ. ಹೊಸೂರು, ಅತ್ತಿಬೆಲೆಯ ಕಡೆಯಿಂದ ಬಂದರೆ ಬೊಮ್ಮಸಂದ್ರ. ಕನಕಪುರದಿಂದ ಬಂದರೆ ರೇಷ್ಮೆ ಸಂಸ್ಥೆ (ಸಿಲ್ಕ್ ಇನ್‌ಸ್ಟಿಟ್ಯೂಟ್). ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಬಳ್ಳಾರಿ ರಸ್ತೆಗೆ ಮಾತ್ರ ಈ ಭಾಗ್ಯ ಇನ್ನೂ ಇಲ್ಲ. ಹೆಬ್ಬಾಳದಲ್ಲಿ ಇಳಿದು ಬಿಎಂಟಿಸಿ, ಅಂದರೆ ನಗರ ಸಾರಿಗೆ ಬಸ್ಸು ಹತ್ತಬೇಕು, ಇಲ್ಲವೇ ಮೆಜೆಸ್ಟಿಕ್ ತನಕ ಕೂತಿರಬೇಕು.

ರೈಲಿನಲ್ಲಿ ಬರುವವರಿಗೆ ಒಂದು ಮಾತು. ಟಿಕೆಟ್ ಮೇಲೆ ಯಾವ ಸ್ಟೇಷನ್ ಬರೆದಿದೆ ಅಂತ ಮೊದಲೇ ನೋಡಿ. ಬೆಂಗಳೂರು ಸಿಟಿ ಅಂತ ನಾವೆಲ್ಲ ಕರೆಯುವ ಕೆಎಸ್‌ಆರ್ ನಿಲ್ದಾಣ, ಯಶವಂತಪುರ, ಕೆ.ಆರ್.ಪುರ, ವೈಟ್‌ಫೀಲ್ಡ್ ಇವೆಲ್ಲಕ್ಕೂ ಮೆಟ್ರೋ ಹತ್ತಿರ ಇದೆ. 2022ರಲ್ಲಿ ಶುರುವಾದ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಹಾಗಲ್ಲ. ಬೈಯಪ್ಪನಹಳ್ಳಿ ಮೆಟ್ರೋ ಇದೆಯಲ್ಲ ಅಂತ ಬ್ಯಾಗ್ ಹೊತ್ತು ನಡೆಯಲು ಹೊರಟರೆ ದಾರಿ ಮುಗಿಯುವುದಿಲ್ಲ. ಅಲ್ಲಿಂದ ಬಸ್ಸೋ ಆಟೋನೋ ಹಿಡಿಯಲೇಬೇಕು. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವಾಗ, ಎರಡು ರೈಲಿನಲ್ಲಿ ಒಂದನ್ನು ಆರಿಸುವ ಅವಕಾಶ ಇದ್ದರೆ, ಮೆಟ್ರೋ ಪಕ್ಕದ ನಿಲ್ದಾಣಕ್ಕೆ ಬರುವ ರೈಲಿಗೇ ಟಿಕೆಟ್ ಮಾಡಿಸಿ.

ಸಾಮಾನು ಎಷ್ಟಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮೆಟ್ರೋದಲ್ಲಿ ಚೀಲಕ್ಕೆ ಮಿತಿ ಇದೆ: 60×45×25 ಸೆಂಟಿಮೀಟರ್, 15 ಕೆಜಿ. ಹಾಸಿಗೆ ಸುತ್ತು, ಅಕ್ಕಿ ಚೀಲ, ಟ್ರಂಕು ಎಲ್ಲ ಹೊತ್ತು ಬಂದಿದ್ದರೆ ಮೆಟ್ರೋ ಯೋಚನೆ ಬಿಡಿ. ಆ ದಿನಕ್ಕೆ ಆಟೋಗೆ ಕೊಟ್ಟ ದುಡ್ಡು ದಂಡ ಅಲ್ಲ.

ಮೆಟ್ರೋ: ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು

ಸದ್ಯ ಮೂರು ಬಣ್ಣ ಗೊತ್ತಿದ್ದರೆ ಸಾಕು. ನೇರಳೆ ಮಾರ್ಗ ಪಶ್ಚಿಮದ ಚಲ್ಲಘಟ್ಟದಿಂದ ಪೂರ್ವದ ವೈಟ್‌ಫೀಲ್ಡ್‌ವರೆಗೆ, 43 ಕಿಲೋಮೀಟರಿಗೂ ಹೆಚ್ಚು. ಹಸಿರು ಮಾರ್ಗ ಉತ್ತರದ ಮಾದಾವರದಿಂದ ದಕ್ಷಿಣದ ರೇಷ್ಮೆ ಸಂಸ್ಥೆವರೆಗೆ. ಇವೆರಡೂ ಸೇರುವುದು ಮೆಜೆಸ್ಟಿಕ್ಕಿನಲ್ಲಿ. ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಸಿಲ್ಕ್ ಬೋರ್ಡ್, ಎಲೆಕ್ಟ್ರಾನಿಕ್ ಸಿಟಿ ಹಾದು ಬೊಮ್ಮಸಂದ್ರಕ್ಕೆ. ಇದು 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಹಸಿರಿನಿಂದ ಹಳದಿಗೆ ಬದಲಾಯಿಸುವುದು ಆರ್.ವಿ. ರಸ್ತೆಯಲ್ಲಿ.

ಮೆಟ್ರೋದ ದೊಡ್ಡ ಗುಣ ಒಂದೇ. ಇಷ್ಟು ಹೊತ್ತಿಗೆ ಹತ್ತಿದರೆ ಇಷ್ಟು ಹೊತ್ತಿಗೆ ಇಳಿಯುತ್ತೀರಿ. ಕೆಳಗೆ ರಸ್ತೆಯಲ್ಲಿ ಏನೇ ಆಗಲಿ, ಮಳೆ ಬರಲಿ, ಮೆರವಣಿಗೆ ಹೋಗಲಿ, ಸಮಯ ಹೆಚ್ಚು ಏರುಪೇರಾಗುವುದಿಲ್ಲ. ಸಂದರ್ಶನ, ಪರೀಕ್ಷೆ, ಆಸ್ಪತ್ರೆಯ ಅಪಾಯಿಂಟ್‌ಮೆಂಟ್, ಊರಿನ ರೈಲು ಹಿಡಿಯುವುದು, ಇಂಥವಕ್ಕೆ ಎರಡನೇ ಯೋಚನೆ ಬೇಡ. ಸ್ಟೇಷನ್ನಿಂದ ಒಂದು ಕಿಲೋಮೀಟರ್ ನಡೆಯಬೇಕಾದರೂ ಮೆಟ್ರೋನೇ ಸರಿ.

ಟಿಕೆಟ್ ಕನಿಷ್ಠ 10 ರೂಪಾಯಿ, ಗರಿಷ್ಠ 90. ಸ್ಮಾರ್ಟ್ ಕಾರ್ಡ್ ಇದ್ದರೆ 5 ಶೇಕಡಾ ಕಡಿತ, ದಟ್ಟಣೆ ಇಲ್ಲದ ಹೊತ್ತಿನಲ್ಲಿ ಇನ್ನೂ 5 ಶೇಕಡಾ. ಕಾರ್ಡಿನಲ್ಲಿ 90 ರೂಪಾಯಿಗಿಂತ ಕಡಿಮೆ ಇದ್ದರೆ ಗೇಟು ತೆರೆಯುವುದಿಲ್ಲ, ಅದು ನೆನಪಿರಲಿ. ಮೊಬೈಲಿನಲ್ಲಿ ಕ್ಯೂಆರ್ ಟಿಕೆಟ್ ತೆಗೆಯಬಹುದು. ವಾಟ್ಸ್ಆ್ಯಪ್‌ನಲ್ಲೂ ಸಿಗುತ್ತದೆ. ಆದರೆ ಅದೇ ಕ್ಯೂಆರ್ ಹೊರಗೆ ಹೋಗುವಾಗಲೂ ತೋರಿಸಬೇಕು. ಫೋನಿನ ಚಾರ್ಜ್ ಮುಗಿಯುವ ಹಂತದಲ್ಲಿದ್ದರೆ ಕೌಂಟರಿನಲ್ಲಿ ಟೋಕನ್ ತಗೊಳ್ಳಿ. ದಿನಾ ಓಡಾಡುವವರಿಗೆ ಕಾರ್ಡೇ ನೆಮ್ಮದಿ.

ಮೆಟ್ರೋದ ಕೊರತೆಯನ್ನೂ ಹೇಳಬೇಕು. ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಸಂಜೆ ಆರರ ಸುಮಾರಿಗೆ ಮೆಜೆಸ್ಟಿಕ್ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ನೇರಳೆ ಒಂದು ಅಂತಸ್ತಿನಲ್ಲಿ, ಹಸಿರು ಇನ್ನೊಂದು ಅಂತಸ್ತಿನಲ್ಲಿ. ಬದಲಾಯಿಸುವುದಕ್ಕೆ ಹತ್ತು ನಿಮಿಷ ಕೈಯಲ್ಲಿರಲಿ. ಮೊದಲ ಬೋಗಿ ಹೆಂಗಸರಿಗೆ ಮೀಸಲು, ಆ ದಟ್ಟಣೆಯಲ್ಲಿ ಅದು ದೊಡ್ಡ ಉಪಕಾರ. ಇನ್ನೊಂದು, ಹೊಸಬರು ಗೊಂದಲ ಮಾಡಿಕೊಳ್ಳುವ ಜಾಗ: ಸಂಗೊಳ್ಳಿ ರಾಯಣ್ಣ ರೈಲ್ವೆ ನಿಲ್ದಾಣ ಅನ್ನುವ ಮೆಟ್ರೋ ಸ್ಟೇಷನ್ ಬೇರೆ, ಮೆಜೆಸ್ಟಿಕ್ ಬೇರೆ. ಮೊದಲಿನದು ರೈಲ್ವೆ ನಿಲ್ದಾಣದ ಹಿಂಬದಿಗೆ ಹತ್ತಿರ. ಬಸ್ ನಿಲ್ದಾಣಕ್ಕೆ ಹೋಗಬೇಕಿದ್ದರೆ ಮೆಜೆಸ್ಟಿಕ್ಕಿನಲ್ಲೇ ಇಳಿಯಿರಿ.

ವಾರಾಂತ್ಯಕ್ಕೆ ಊರಿಗೆ ಹೋಗಿ ಬರುವವರಿಗೆ ಒಂದು ಒಳ್ಳೆಯ ವಿಷಯ. ಸೋಮವಾರ ನೇರಳೆ, ಹಸಿರು ಮಾರ್ಗಗಳಲ್ಲಿ ಬೆಳಗಿನ ಜಾವ 4.15ಕ್ಕೇ ರೈಲು ಶುರುವಾಗುತ್ತದೆ. 2025ರ ಜನವರಿಯಿಂದ ಈ ವ್ಯವಸ್ಥೆ ಇದೆ. ಉಳಿದ ದಿನ ಐದು ಗಂಟೆಗೆ. ಭಾನುವಾರ ಏಳಕ್ಕೆ. ಭಾನುವಾರ ನಸುಕಿನಲ್ಲಿ ಬಂದಿಳಿಯುವವರು ಬಸ್ಸು ಅಥವಾ ಆಟೋ ನಂಬಿಕೊಂಡೇ ಬರಬೇಕು.

ಬಿಎಂಟಿಸಿ: ಮೆಟ್ರೋ ಹೋಗದ ಕಡೆಗೆಲ್ಲ

ಎಚ್‌ಎಸ್‌ಆರ್ ಲೇಔಟ್, ಕೋರಮಂಗಲ, ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೆಬ್ಬಾಳ, ಯಲಹಂಕ. ಹೊಸಬರು ಕೆಲಸಕ್ಕೆ ಹೋಗುವ, ರೂಮು ಹಿಡಿಯುವ ಈ ಜಾಗಗಳ ಬಹುಭಾಗಕ್ಕೆ ಮೆಟ್ರೋ ಹತ್ತಿರ ಇಲ್ಲ. ಇಲ್ಲೆಲ್ಲ ಬಸ್ಸೇ ಆಧಾರ. ಆರು ಸಾವಿರಕ್ಕೂ ಹೆಚ್ಚು ಬಸ್ಸು ಓಡಿಸುವ ಸಂಸ್ಥೆ ಇದು. ಮೂಲೆ ಮೂಲೆಗೂ ಹೋಗುತ್ತವೆ. ಬಸ್ಸಿಗೆ ಹೆದರಿ ದಿನಾ ಕ್ಯಾಬಿಗೆ ದುಡ್ಡು ಸುರಿಯುವ ಹುಡುಗರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಂದು ವಾರ ಗಮನ ಕೊಟ್ಟರೆ ಸಾಕು, ಬಸ್ಸು ಅರ್ಥವಾಗುತ್ತದೆ.

ನಂಬರಿನಿಂದ ಶುರು ಮಾಡಿ. 500ರ ಸಾಲಿನ ಬಸ್ಸುಗಳು ಹೆಚ್ಚಾಗಿ ವರ್ತುಲ ರಸ್ತೆಗಳನ್ನು ಹಿಡಿದು, ಮೆಜೆಸ್ಟಿಕ್ಕಿಗೆ ಬರದೆ, ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗುತ್ತವೆ. ಹೆಬ್ಬಾಳದಿಂದ ಮಾರತ್ತಹಳ್ಳಿ ಮೇಲೆ ಸಿಲ್ಕ್ ಬೋರ್ಡಿಗೆ ಹೋಗುವ 500-ಡಿ ಇವುಗಳಲ್ಲಿ ಹೆಸರುವಾಸಿ. ಮೆಜೆಸ್ಟಿಕ್ಕಿನಿಂದ ಕಾಡುಗೋಡಿ ಕಡೆಗೆ 335-ಇ, ಬನ್ನೇರುಘಟ್ಟಕ್ಕೆ 365. ನಂಬರಿನ ಹಿಂದೆ ಬರುವ ಅಕ್ಷರವನ್ನು ಬಿಡಬೇಡಿ. ನಂಬರು ಒಂದೇ ಇದ್ದು ಅಕ್ಷರ ಬೇರೆ ಇದ್ದರೆ ಕೊನೆಯ ನಿಲ್ದಾಣವೂ ಬೇರೆ. ಎಂಎಫ್ ಅಂತ ಇದ್ದರೆ ಅದು ಮೆಟ್ರೋ ಸ್ಟೇಷನ್ನಿನಿಂದ ಸುತ್ತಮುತ್ತಲ ಬಡಾವಣೆಗೆ ಹೋಗುವ ಫೀಡರ್ ಬಸ್ಸು. ಕೆಐಎ ಅಂತ ಇದ್ದರೆ ವಿಮಾನ ನಿಲ್ದಾಣದ್ದು.

ನಮಗೆ ಇಲ್ಲೊಂದು ಅನುಕೂಲ ಇದೆ. ಬೋರ್ಡು ಕನ್ನಡದಲ್ಲಿದೆ, ಕಂಡಕ್ಟರ್ ಕನ್ನಡದಲ್ಲಿ ಮಾತಾಡುತ್ತಾರೆ. ಸಂಕೋಚ ಬಿಟ್ಟು ಕೇಳಿ. "ಸಾರ್, ಇದು ಅಗರ ಹೋಗುತ್ತಾ?" "ಅಕ್ಕಾ, ಸ್ಟಾಪ್ ಬಂದಾಗ ಸ್ವಲ್ಪ ಹೇಳಿ." ಎಷ್ಟೇ ಗಲಾಟೆ ಇದ್ದರೂ ನೆನಪಿಟ್ಟುಕೊಂಡು ಕೂಗಿ ಹೇಳುವ ಕಂಡಕ್ಟರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಸ್ಸು ಎಲ್ಲಿದೆ ಅಂತ ನೋಡಲು ನಮ್ಮ ಬಿಎಂಟಿಸಿ ಆ್ಯಪ್ ಇದೆ. ಆದರೂ ನಿಲ್ದಾಣದಲ್ಲಿ ಪಕ್ಕ ನಿಂತವರನ್ನು ಒಂದು ಮಾತು ಕೇಳಿ. ದಿನಾ ಅದೇ ಬಸ್ಸಿಗೆ ಕಾಯುವವರಿಗೆ ಅದರ ಹೊತ್ತು ಗೊತ್ತಿರುತ್ತದೆ.

ಹತ್ತುವಾಗ ಮುಂದಿನ ಬಾಗಿಲು, ಮುಂದಿನ ಸೀಟುಗಳು ಹೆಂಗಸರಿಗೆ. ಗಂಡಸರು ಹಿಂದಿನಿಂದ ಹತ್ತಬೇಕು. ಚಿಲ್ಲರೆ ಕೈಯಲ್ಲಿರಲಿ. ಈಗ ಬಸ್ಸಿನಲ್ಲಿ ಯುಪಿಐ ಸ್ಕ್ಯಾನ್ ಮಾಡಿಯೂ ಕೊಡಬಹುದು, ಚಿಲ್ಲರೆ ಜಗಳ ಬಹಳ ಕಡಿಮೆಯಾಗಿದೆ. ನೋಟು ಕೊಟ್ಟಾಗ ಕಂಡಕ್ಟರ್ ಬಾಕಿಯನ್ನು ಟಿಕೆಟಿನ ಹಿಂದೆ ಬರೆದುಕೊಟ್ಟರೆ ಇಳಿಯುವ ಮೊದಲು ಕೇಳಿ ಪಡೆಯಿರಿ.

ಬಸ್ಸಿನ ತೊಂದರೆ ಸಮಯದ್ದು. ಸಿಲ್ಕ್ ಬೋರ್ಡಿನಿಂದ ಕೆ.ಆರ್.ಪುರದವರೆಗಿನ ಹೊರವರ್ತುಲ ರಸ್ತೆಯಲ್ಲಿ ಸಂಜೆ ಸಿಕ್ಕಿಕೊಂಡರೆ ಎಷ್ಟು ಹೊತ್ತಿಗೆ ಮನೆ ಅಂತ ಯಾರೂ ಹೇಳಲಾರರು. ಆ ರಸ್ತೆಯ ಮೇಲೆ ಮೆಟ್ರೋ ಕೆಲಸ ನಡೆಯುತ್ತಿದೆ, ಅದು ಮುಗಿಯುವವರೆಗೆ ಇದೇ ಪರಿಸ್ಥಿತಿ. ಅಲ್ಲಿ ಕೆಲಸ ಮಾಡುವವರು ಆಫೀಸಿನಲ್ಲಿ ಹೊತ್ತು ಹೊಂದಿಸಿಕೊಳ್ಳಲು ಆಗುತ್ತದಾ ಅಂತ ಕೇಳಿನೋಡಿ. ಬೆಳಿಗ್ಗೆ ಒಂದು ಗಂಟೆ ಮುಂಚೆ ಹೊರಟು ಸಂಜೆ ಮುಂಚೆ ಬಿಟ್ಟರೆ ದೊಡ್ಡ ವ್ಯತ್ಯಾಸ ಆಗುತ್ತದೆ.

ತಿಂಗಳ ಖರ್ಚು

ಈಗ ದುಡ್ಡು. ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಮೊದಲ ಸ್ಟೇಜಿಗೆ 6 ರೂಪಾಯಿ. ದಿನದ ಪಾಸ್ 80, ತಿಂಗಳ ಪಾಸ್ 1,200. ಮನೆ ಹುಡುಕುವ ದಿನಗಳಲ್ಲಿ, ನಾಲ್ಕಾರು ಕಡೆ ಸುತ್ತುವಾಗ, ದಿನದ ಪಾಸಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಎಸಿ ಇರುವ ವಜ್ರ ಬಸ್ಸಿಗೆ ಈ ಪಾಸ್ ನಡೆಯುವುದಿಲ್ಲ. ಅದಕ್ಕೆ ಬೇರೆ ಪಾಸ್ ಇದೆ.

ಮೆಟ್ರೋದಲ್ಲಿ ಒಂದು ಕಡೆಗೆ 50 ರೂಪಾಯಿ ಆಗುವ ದಾರಿ ಅಂದುಕೊಳ್ಳಿ. ದಿನಕ್ಕೆ 100. ತಿಂಗಳಿಗೆ 25 ದಿನ ಹೋದರೆ 2,500. ಕಾರ್ಡಿನ ಕಡಿತ ಕಳೆದರೆ 2,375. ಅಂದರೆ ಬಸ್ ಪಾಸಿನ ಸುಮಾರು ಎರಡರಷ್ಟು. ಸಂಬಳ ಚಿಕ್ಕದಿದ್ದಾಗ ಈ ಸಾವಿರ ರೂಪಾಯಿ ಚಿಕ್ಕದಲ್ಲ. ಆದರೆ ದಿನಕ್ಕೆ ಒಂದು ಗಂಟೆ ಉಳಿಯುತ್ತದೆ ಅಂದರೆ ನಾನು ಮೆಟ್ರೋ ಹತ್ತಿ ಅಂತಲೇ ಹೇಳುತ್ತೇನೆ. ಅರ್ಧ ಗಂಟೆಯೂ ಉಳಿಯದಿದ್ದರೆ ಬಸ್ ಪಾಸ್ ಮಾಡಿಸಿ.

ಹೆಣ್ಣುಮಕ್ಕಳಿಗೆ ಈ ಲೆಕ್ಕವೇ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆದರೆ ಆಯಿತು. ಟಿಕೆಟ್ ಕೇಳಿ ಪಡೆಯಿರಿ, ತಪಾಸಣೆಗೆ ಬಂದಾಗ ಅದು ಬೇಕು. ವಜ್ರಕ್ಕೆ, ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ಗಾರ್ಮೆಂಟ್ಸ್‌ಗೆ, ಅಂಗಡಿ ಕೆಲಸಕ್ಕೆ, ಮನೆಗೆಲಸಕ್ಕೆ ಹೋಗುವ ಎಷ್ಟೋ ಹೆಣ್ಣುಮಕ್ಕಳು ಈಗ ಸ್ವಲ್ಪ ದೂರದ, ಒಳ್ಳೆಯ ಸಂಬಳದ ಕೆಲಸಕ್ಕೂ ಹೋಗಬಹುದು. ಇದು ಸಣ್ಣ ಬದಲಾವಣೆ ಅಲ್ಲ. ಹಾಗಂತ ರಾತ್ರಿ ತಡವಾದ ದಿನ, ತುಂಬಿದ ಬಸ್ಸು ಹತ್ತಲಾಗದ ದಿನ, ಮೆಟ್ರೋಗೆ ಕೊಡುವ ದುಡ್ಡನ್ನು ಉಳಿಸಲು ಹೋಗಬೇಡಿ.

ವಿದ್ಯಾರ್ಥಿಗಳಿಗೆ ಬಿಎಂಟಿಸಿಯಲ್ಲಿ ರಿಯಾಯಿತಿ ಪಾಸ್ ಇದೆ, ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಹಾಕಬೇಕು. ಕಾಲೇಜು ಸೇರಿದ ಮೊದಲ ವಾರದಲ್ಲೇ ಮಾಡಿಸಿಕೊಳ್ಳಿ.

ಆಟೋ

2025ರ ಆಗಸ್ಟ್ 1ರಿಂದ ಮೀಟರ್ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ಇದನ್ನು ಬಾಯಿಪಾಠ ಮಾಡಿಕೊಳ್ಳಿ. 5 ಕಿಲೋಮೀಟರಿಗೆ 90, 10 ಕಿಲೋಮೀಟರಿಗೆ 180. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಈ ಲೆಕ್ಕ ತಲೆಯಲ್ಲಿದ್ದರೆ ಯಾರಾದರೂ ದರ ಹೇಳಿದಾಗ ಅದು ನ್ಯಾಯವೋ ಅಲ್ಲವೋ ತಕ್ಷಣ ಗೊತ್ತಾಗುತ್ತದೆ. ಮೀಟರ್ ಮೇಲೆ ಹತ್ತೋ ಇಪ್ಪತ್ತೋ ಕೇಳಿದರೆ ಕೊಟ್ಟು ಹೋಗುವವರಿದ್ದಾರೆ. ಅದು ನಿಮ್ಮ ಇಷ್ಟ. ಎರಡು ಪಟ್ಟು ಕೇಳಿದರೆ ಇಳಿದು ಇನ್ನೊಂದು ಆಟೋ ನೋಡಿ.

ಆ್ಯಪ್‌ಗಳಲ್ಲಿ ಓಲಾ, ಊಬರ್, ರ‍್ಯಾಪಿಡೋ ಜೊತೆಗೆ ನಮ್ಮ ಯಾತ್ರಿಯೂ ಇದೆ. ಇದು ಚಾಲಕರಿಂದ ಪ್ರತಿ ಬಾಡಿಗೆಗೆ ಕಮಿಷನ್ ಹಿಡಿಯುವುದಿಲ್ಲ, ಕೊಟ್ಟ ದುಡ್ಡು ಆಟೋದವರಿಗೇ ಹೋಗುತ್ತದೆ. ಅದಕ್ಕೇ ನನಗೆ ಇದು ಇಷ್ಟ. ಎರಡು ಆ್ಯಪ್‌ನಲ್ಲಿ ದರ ನೋಡಿ, ಮೀಟರಿನ ಲೆಕ್ಕಕ್ಕೆ ಹೋಲಿಸಿ, ಆಮೇಲೆ ಬುಕ್ ಮಾಡಿ.

ಆಟೋ ಇರುವುದು ದಿನದ ಪೂರ್ತಿ ದಾರಿಗಲ್ಲ. ಮೆಟ್ರೋ ಸ್ಟೇಷನ್ನಿನಿಂದ ಮನೆಯ ಬಾಗಿಲಿಗೆ, ಸಾಮಾನು ಇದ್ದಾಗ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾಗ, ವಯಸ್ಸಾದವರು ಜೊತೆಗಿದ್ದಾಗ. ಮೂರು ಜನ ಸೇರಿ ನಾಲ್ಕು ಕಿಲೋಮೀಟರ್ ಹೋಗುವುದಿದ್ದರೆ ಮೀಟರಿನಂತೆ 72 ರೂಪಾಯಿ. ತಲೆಗೆ 24. ಮೆಟ್ರೋಗೆ ಕೊಡುವಷ್ಟೇ ದುಡ್ಡಿಗೆ ಮನೆ ಬಾಗಿಲಲ್ಲಿ ಇಳಿಯಬಹುದು.

ರೂಮು ಹಿಡಿಯುವ ಮೊದಲು

ಇಲ್ಲೇ ಹೊಸಬರು ಹೆಚ್ಚು ಯೋಚಿಸಬೇಕು. ಕೆಲಸ ವೈಟ್‌ಫೀಲ್ಡ್ ಕಡೆಯ ಐಟಿ ಪಾರ್ಕ್ ಐಟಿಪಿಎಲ್‌ನಲ್ಲಿ ಅಂದುಕೊಳ್ಳಿ. ಒಂದು ರೂಮು ಎಚ್‌ಎಸ್‌ಆರ್ ಲೇಔಟಿನಲ್ಲಿ, ಇನ್ನೊಂದು ವಿಜಯನಗರದಲ್ಲಿ. ನಕ್ಷೆಯಲ್ಲಿ ಎಚ್‌ಎಸ್‌ಆರ್ ಹತ್ತಿರ. ಆದರೆ ಅಲ್ಲಿಂದ ದಿನಾ ಹೊರವರ್ತುಲ ರಸ್ತೆಯನ್ನೇ ದಾಟಬೇಕು. ವಿಜಯನಗರ ನಗರದ ಇನ್ನೊಂದು ಬದಿ. ಆದರೂ ನೇರಳೆ ಮಾರ್ಗದಲ್ಲಿ ಹತ್ತಿ ಪಟ್ಟಂದೂರು ಅಗ್ರಹಾರದಲ್ಲಿ ಇಳಿದರೆ ಆಯಿತು. ಒಂದೇ ರೈಲು, ಸುಮಾರು ಒಂದು ಗಂಟೆ. ಟಿಕೆಟ್ ದುಬಾರಿ, ನಿಜ. ಆದರೆ ಬಾಡಿಗೆ ಎರಡೂ ಕಡೆ ಎಷ್ಟು ಅಂತ ಕೇಳಿ ನೋಡಿ, ಆ ವ್ಯತ್ಯಾಸವನ್ನು ಟಿಕೆಟ್ ಪಕ್ಕ ಇಡಿ. ನನ್ನನ್ನು ಕೇಳಿದರೆ ವಿಜಯನಗರ.

ಎಲೆಕ್ಟ್ರಾನಿಕ್ ಸಿಟಿ ಕೆಲಸವಾದರೆ ಹಳದಿ ಮಾರ್ಗದ ಮೇಲೇ ಮನೆ ನೋಡಿ: ಬಿಟಿಎಂ ಲೇಔಟ್, ಬೊಮ್ಮನಹಳ್ಳಿ, ಕೂಡ್ಲು ಗೇಟ್, ಹೊಸ ರಸ್ತೆ. ಮಾರ್ಗದ ತುದಿಯ ಸ್ಟೇಷನ್ ಹತ್ತಿರ ಇರುವವರಿಗೆ ಇನ್ನೊಂದು ಲಾಭ. ಚಲ್ಲಘಟ್ಟ, ಮಾದಾವರ ಇಂಥ ಕಡೆ ಹತ್ತಿದರೆ ಕೂರಲು ಸೀಟು ಸಿಗುತ್ತದೆ. ಒಂದು ಗಂಟೆಯ ಪ್ರಯಾಣದಲ್ಲಿ ಕೂತು ಹೋಗುವುದಕ್ಕೂ ನಿಂತು ಹೋಗುವುದಕ್ಕೂ ಬಹಳ ಅಂತರ ಇದೆ, ಅಲ್ವಾ?

ಮನೆ ತೋರಿಸುವವರು "ಇಲ್ಲೇ ಮೆಟ್ರೋ ಬರುತ್ತೆ" ಅಂತ ಹೇಳುತ್ತಾರೆ. ಇವತ್ತು ರೈಲು ಓಡುತ್ತಿದೆಯಾ ಅಂತ ಮಾತ್ರ ಕೇಳಿ. ಮುಂದೆ ಬರುವ ಮೆಟ್ರೋಗೆ ಈಗಿನಿಂದಲೇ ಬಾಡಿಗೆ ಕೊಡುವುದು ಬೇಡ. ಅಡ್ವಾನ್ಸ್ ಕೊಡುವ ಮೊದಲು ಕೆಲಸದ ದಿನವೊಂದರಲ್ಲಿ, ಬೆಳಿಗ್ಗೆ ಎಂಟೂವರೆಗೆ, ಆ ಮನೆಯಿಂದ ಆಫೀಸಿನವರೆಗೆ ಒಮ್ಮೆ ಹೋಗಿ ಬನ್ನಿ. ಭಾನುವಾರ ಹೋಗಿ ನೋಡಿದರೆ ಪ್ರಯೋಜನ ಇಲ್ಲ.

ಉಳಿದದ್ದು ಚುಟುಕಾಗಿ

ವಿಮಾನ ನಿಲ್ದಾಣಕ್ಕೆ ಇನ್ನೂ ಮೆಟ್ರೋ ಇಲ್ಲ. ಒಬ್ಬರೇ ಇದ್ದರೆ ವಾಯುವಜ್ರ ಬಸ್ಸು ಸಾಕು. ಮೆಜೆಸ್ಟಿಕ್ಕಿನಿಂದ ಕೆಐಎ-9, ಎಲೆಕ್ಟ್ರಾನಿಕ್ ಸಿಟಿಯಿಂದ ಕೆಐಎ-8. ಸೂಟ್‌ಕೇಸ್ ಇಡಲು ಜಾಗ ಇದೆ, ರಾತ್ರಿಯೂ ಓಡುತ್ತವೆ. ಮೂರು ನಾಲ್ಕು ಜನ ಇದ್ದರೆ ಟ್ಯಾಕ್ಸಿಯೇ ವಾಸಿ.

ಜೋರು ಮಳೆಯ ಸಂಜೆ ಮೆಟ್ರೋ ಬಿಟ್ಟು ಬೇರೆ ಯೋಚನೆ ಬೇಡ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು ಕಡೆ ಹೊರವರ್ತುಲ ರಸ್ತೆಯೇ ನೀರಲ್ಲಿ ಮುಳುಗಿತ್ತು. ಹತ್ತಿರದ ಸ್ಟೇಷನ್ ಎಲ್ಲಿ ಅಂತ ಆಫೀಸಿಗೆ ಸೇರಿದ ದಿನವೇ ನೋಡಿಟ್ಟುಕೊಳ್ಳಿ. ಮಳೆ ನಿಲ್ಲುವ ತನಕ ಒಳಗೇ ಇದ್ದು ಆಮೇಲೆ ಸ್ಟೇಷನ್ ಕಡೆ ನಡೆಯಿರಿ. ನೀರು ತುಂಬಿದ ಅಂಡರ್‌ಪಾಸಿಗೆ ಆಟೋ ಇಳಿಸಲು ಹೊರಟರೆ ಬೇಡ ಅಂತ ಹೇಳಿ, ಸುತ್ತಿ ಹೋದರೂ ಪರವಾಗಿಲ್ಲ.

ರಾತ್ರಿ ಹನ್ನೊಂದರ ಹೊತ್ತಿಗೆ ಮೆಟ್ರೋ ನಿಲ್ಲುತ್ತಾ ಬರುತ್ತದೆ, ಬಸ್ಸುಗಳೂ ವಿರಳ. ಹತ್ತೂವರೆಯ ಮೇಲೆ ಹೊರಡುವ ಕೆಲಸ ಇದ್ದರೆ ಹಿಂದಿರುಗುವ ದಾರಿ ಹೊರಡುವ ಮೊದಲೇ ನಿಶ್ಚಯವಾಗಿರಲಿ. ಆ್ಯಪ್‌ನಲ್ಲಿ ಬುಕ್ ಮಾಡಿ, ಪ್ರಯಾಣದ ಲಿಂಕನ್ನು ಮನೆಯವರಿಗೋ ರೂಮಿನವರಿಗೋ ಕಳಿಸಿ, ಆಟೋ ನಂಬರ್ ಸರಿಯಾಗಿದೆಯಾ ನೋಡಿ ಹತ್ತಿ.